ಮಗಳಿಗೆ: ಮೊದಲು ಬಲಮಂಡಿ

ಪ್ರೀತಿಯ ಕೂಸಿಗೆ ಆಯಿಯ ಆಶೀರ್ವಾದಗಳು.

ನನ್ನ ಎರಡೂ ಮಂಡಿಗಳನ್ನು ಬದಲಿಸುವ ಶಸ್ತ್ರಚಿಕಿತ್ಸೆಯನ್ನು ಒಟ್ಟಿಗೇ ಮುಗಿಸಲು ನೀನು ಬೆಂಗಳೂರಿನಲ್ಲಿ ದಿನ ಗೊತ್ತುಮಾಡಿದ ಸುದ್ದಿ ಕೇಳಿ ನಾನಾಡಿದ ಮಾತು ಖಾರವಾಯಿತು, ನಿನ್ನದೂ ಕಡಿಮೆಯಿರಲಿಲ್ಲ. ಅಜ್ಜಿಯ ಆರೈಕೆಯ ನೆಪ ಹೇಳಿ ಇನ್ನೆಷ್ಟು ವರ್ಷ ತಳ್ಳುತ್ತೀ ಎಂದು ನೀನು ಕೇಳಿದ್ದಕ್ಕೆ ಫೋನಿನಲ್ಲಿ ಉತ್ತರ ಹೊಳೆಯಲಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ಈ ಮಳೆಗಾಲದ ಒಂದು ಸಂಗತಿಯನ್ನು ನಿನಗೆ ತಿಳಿಸಿರಲಿಲ್ಲ. ರಾತ್ರಿ ಅಜ್ಜಿಯನ್ನು ಬಚ್ಚಲಿಗೆ ಕರೆದೊಯ್ಯುವಾಗ ನನ್ನ ಬಲಮಂಡಿ ಹಿಡಿದುಕೊಂಡಂತಾಗಿ ಅವರ ತೋಳು ಕೈಯಿಂದ ಜಾರಿತು. ಅವರು ಗೋಡೆಗೆ ಒರಗಿ ಮೆಲ್ಲಗೆ ಕುಸಿದಿದ್ದರಿಂದ ಪೆಟ್ಟಾಗಲಿಲ್ಲ. ಆದರೆ ಅವರನ್ನು ಎಬ್ಬಿಸಲೆಂದು ಕೆಳಗೆ ಕುಳಿತ ನನಗೇ ಮೇಲೇಳಲಾಗಲಿಲ್ಲ. ಕರೆಂಟು ಹೋಗಿತ್ತು, ಹೆಂಚಿನ ಮೇಲಿನ ಮಳೆಯಲ್ಲಿ ನಿನ್ನ ಅಪ್ಪಯ್ಯನಿಗೆ ನನ್ನ ಕೂಗು ಬಹಳ ಹೊತ್ತು ಕೇಳಿಸಲಿಲ್ಲ, ಅಷ್ಟೂ ಹೊತ್ತು ಅಜ್ಜಿ ನನ್ನ ಮಂಡಿಯನ್ನೇ ನೀವುತ್ತಿದ್ದರು. ಅವರ ಸೊಂಟ ಮುರಿದಿದ್ದರೆ ಎಂಬ ಯೋಚನೆ ಈಗಲೂ ನಿದ್ದೆಗೆಡಿಸುತ್ತದೆ. ಆ ವಯಸ್ಸಿನಲ್ಲಿ ಸೊಂಟ ಮುರಿದವರಲ್ಲಿ ಬಹಳ ಜನ ಮೊದಲಿನಂತೆ ಓಡಾಡಲಾರರು. ಬಚ್ಚಲ ಹೊಸ್ತಿಲು ದಾಟುವಾಗಲೆಲ್ಲ ಯಾವ ಕಾಲನ್ನು ಮೊದಲಿಡಬೇಕೆಂದು ನಿಂತು ಯೋಚಿಸುತ್ತೇನೆ. ಅವರ ತೋಳು ಹಿಡಿದಾಗ ಬೇಕಾದ್ದಕ್ಕಿಂತ ಬಿಗಿಯಾಗಿ ಹಿಡಿಯುತ್ತೇನೆ, ನೋಯುತ್ತದೆ ಎನ್ನುತ್ತಾರೆ. ಅಜ್ಜಿಯ ಸಲುವಾಗಿ ಆಪರೇಷನ್ ಬೇಡವೆನ್ನುತ್ತಿದ್ದವಳಿಗೆ ಅವರ ಸಲುವಾಗಿಯೇ ಅದು ಬೇಕಾಗಿದೆ.

ಆದರೆ ಎರಡೂ ಒಟ್ಟಿಗೆ ಬೇಡ. ಎಲುಬುಗಳ ನಡುವಿನ ಮೆತ್ತೆಯಂಥ ಮೃದ್ವಸ್ಥಿ ಸವೆದು ಎಲುಬಿಗೆ ಎಲುಬು ತಾಗುತ್ತಿರುವುದನ್ನು ಎಕ್ಸ್‌ರೇಯಲ್ಲಿ ನಾನೂ ಕಂಡಿದ್ದೇನೆ. ಎಲುಬಿನ ತುದಿಗಳನ್ನು ಕತ್ತರಿಸಿ, ಲೋಹದ ಹೊದಿಕೆ ತೊಡಿಸಿ, ನಡುವೆ ಪಾಲಿಥೀನ್ ಬಿಲ್ಲೆ ಕೂರಿಸಿ, ಸಾಮಾನ್ಯವಾಗಿ ಮರುದಿನವೇ ವಾಕರ್ ಹಿಡಿಸಿ ನಡೆಸುತ್ತಾರೆ. ಕಷ್ಟವಿರುವುದು ಅನಂತರದ ವಾರಗಳಲ್ಲಿ, ನೋವು ನುಂಗಿಕೊಂಡು ಮಂಡಿ ಬಗ್ಗಿಸುವುದರಲ್ಲಿ. ಆಗ ಭಾರ ಹೊರಲು ನನ್ನದೇ ಹಳೆಯ ಎಡಗಾಲಾದರೂ ಇರಲಿ. ಎರಡನ್ನೂ ಒಮ್ಮೆಲೇ ಮಾಡಿದರೆ ಹೃದಯಕ್ಕೂ ಶ್ವಾಸಕೋಶಕ್ಕೂ ಹೊರೆ ಹೆಚ್ಚು, ಮೇಲಾಗಿ ಸಕ್ಕರೆ ಹತೋಟಿಗೆ ಬಾರದೆ ಕತ್ತಿ ಹಾಕಿಸಿಕೊಂಡರೆ ಸೋಂಕಿನ ಭಯ. ಆದ್ದರಿಂದ ಬಲಮಂಡಿ ಮಾತ್ರ, ಅಡಿಕೆಗೊನೆಯ ಕೊಯ್ಲು ಮುಗಿದು ಅಡಿಕೆ ಒಣಗಿದ ಮೇಲೆ, ಶಿವರಾತ್ರಿಯ ಹೊತ್ತಿಗೆ, ಹುಬ್ಬಳ್ಳಿಯಲ್ಲಿ. (ದೊಡ್ಡ ಚಿಕಿತ್ಸೆಗೆ ಹುಬ್ಬಳ್ಳಿ, ಮಣಿಪಾಲ, ಗೋವೆ ಎಂದು ಅಲೆಯುವುದು ನಮ್ಮ ಜಿಲ್ಲೆಯವರಿಗೆ ಹೇಗೂ ರೂಢಿ.) ಇನ್ನು ಮೆಟ್ಟುಗತ್ತಿಯ ಮೇಲೆ ಕುಳಿತು ಅಡಿಕೆ ಸುಲಿಯುವಂತಿಲ್ಲ, ನೆಲಕ್ಕೆ ಕುಳಿತು ಉಣ್ಣುವಂತಿಲ್ಲ ಎಂಬುದಕ್ಕೆ ಬೇಸರವಿದೆ, ಇರಲಿ. ಹತ್ತರಲ್ಲಿ ಎಂಟು ಕೃತಕ ಮಂಡಿಗಳು 25 ವರ್ಷ ಬಾಳುತ್ತವೆಂದು 2019ರ ಅಧ್ಯಯನವೊಂದನ್ನು ನೀನು ಓದಿ ಹೇಳಿದೆಯಲ್ಲ, 66ರ ನನಗೆ ಅಷ್ಟು ಧಾರಾಳವಾಯಿತು.

ನಿನ್ನ ದುಡಿಮೆಯಲ್ಲೇ ಆಯಿಯ ಕಾಲು ಸರಿಪಡಿಸಬೇಕೆಂಬ ನಿನ್ನ ಹಟಕ್ಕೆ ಹೆಮ್ಮೆಪಟ್ಟೆ. ಪಕ್ಕದ ಮನೆಯಲ್ಲಿ ಹೇಳಿಯೂ ಬಂದೆ. ಹಣವನ್ನು ಮಾತ್ರ ಒಲ್ಲೆ. ಮಂಡಿಯ ಇಂಪ್ಲಾಂಟಿನ ಬೆಲೆಗೆ 2017ರಲ್ಲೇ ಸರ್ಕಾರ ಮಿತಿ ಹಾಕಿದೆ, ಸೊಸೈಟಿಯಲ್ಲಿ ಅಡಿಕೆಯ ದುಡ್ಡಿದೆ. ನೀನು ನಿನ್ನ ಮಂಡಿಗಳನ್ನು ನೋಡಿಕೋ. ದಿನವಿಡೀ ಕುರ್ಚಿಯಲ್ಲಿರುತ್ತೀ, ಮೆಟ್ಟಿಲಿದ್ದರೂ ಲಿಫ್ಟ್ ಹತ್ತುತ್ತೀ, ರಾತ್ರಿ ಹತ್ತಕ್ಕೆ ಉಣ್ಣುತ್ತೀ. ಮೈತೂಕ ಒಂದು ಕಿಲೋ ಇಳಿದರೆ ನಡೆಯುವಾಗ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದಂತೆ. ಬೈಯಲೆಂದು ಬರೆಯಲು ಕುಳಿತವಳಲ್ಲ, ಆದರೂ ಹೇಳದಿದ್ದರೆ ಸಮಾಧಾನವಿಲ್ಲ.

ಉಳಿದದ್ದು ಅಜ್ಜಿಯ ಆರೈಕೆ. ಹಗಲಿಗೆ ಊರಿನ ಹೆಂಗಸೊಬ್ಬರನ್ನು ಸಂಬಳಕ್ಕೆ ಗೊತ್ತುಮಾಡಬಹುದು, ರಾತ್ರಿಗೆ ಮನೆಯವರೇ ಆಗಬೇಕು. ಸ್ವಂತ ತಾಯಿಯ ಜೊತೆ ಮೂರು ತಿಂಗಳು ಇರು ಎಂದು ನಿನ್ನ ಸೋದರತ್ತೆಯನ್ನು ಕೇಳಲು ನನಗೆ ಬಾಯಿ ಬಾರದು. ನಿನ್ನ ಅಪ್ಪಯ್ಯ ತಂಗಿಯ ಮುಂದೆ ಮೊದಲಿನಿಂದಲೂ ಮೌನಿ. ನೀನು ಕೇಳಿದರೆ ಅವಳು ಇಲ್ಲವೆನ್ನಲಾರಳು. ಬೆಂಗಳೂರಿನ ದಿನವನ್ನು ರದ್ದು ಮಾಡಿ, ಅವಳಿಗೆ ಫೋನು ಮಾಡು. ನಾನು ಹೇಳಿಸಿದೆನೆಂದು ಮಾತ್ರ ಹೇಳಬೇಡ.

ನಿನ್ನ,
ಆಯಿ