ಹೊರಗಿನಿಂದ ದಾರಿ ಇದೆಯೋ ಇಲ್ಲವೋ, ಮೊದಲೇ ಹೇಳಲಿ

ಮಾನ್ಯ ಸಂಪಾದಕರೇ,

ಮನೆಯ ಬ್ರಾಡ್‌ಬ್ಯಾಂಡ್ ರೂಟರ್ ಹಿಂದೆ ಒಂದಕ್ಕಿಂತ ಜಾಸ್ತಿ ಸರ್ವರ್ (ನಮ್ಮ ಫೋಟೋ, ಕಡತಗಳನ್ನು ಹೊರಗಿನಿಂದಲೂ ತೆರೆಯಲು ಬಿಡುವ ಕಂಪ್ಯೂಟರ್) ನಡೆಸೋಕೆ ಆಗಲ್ಲ ಎಂಬ ಮಾತು ತುಂಬಾ ಕೇಳಿಬರುತ್ತದೆ. ನನ್ನ ಬ್ರಾಡ್‌ಬ್ಯಾಂಡ್ ಕಂಪನಿಯ ಸಹಾಯವಾಣಿಯೂ ಅದನ್ನೇ ಹೇಳಿ, ಬಿಸಿನೆಸ್ ಪ್ಲಾನ್ ತಗೊಳ್ಳಿ ಎಂದಿತು. ಈ ಮಾತು ಸರಿಯಲ್ಲ. ನಿಜವಾದ ಅಡ್ಡಿ ಬೇರೆಯೇ ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ರೂಟರ್‌ಗೆ ಹೊರಗಿನ ವಿಳಾಸ ಒಂದೇ. ಒಳಗಿನ ಕಂಪ್ಯೂಟರ್‌ಗಳಿಗೆ 192.168 ಎಂದು ಶುರುವಾಗುವ ಖಾಸಗಿ ವಿಳಾಸಗಳು. ಹೊರಗಿನಿಂದ ಬರುವ ಪ್ರತಿ ಕೋರಿಕೆಯ ಜೊತೆ ಪೋರ್ಟ್ ಎಂಬ ಬಾಗಿಲ ಸಂಖ್ಯೆ ಇರುತ್ತದೆ. ಯಾವ ಪೋರ್ಟ್‌ಗೆ ಬಂದದ್ದು ಯಾವ ಕಂಪ್ಯೂಟರ್‌ಗೆ ಹೋಗಬೇಕು ಎಂದು ರೂಟರ್‌ಗೆ ಹೇಳಿಕೊಟ್ಟರೆ ಆಯಿತು, ಅದೇ ಪೋರ್ಟ್ ಫಾರ್ವರ್ಡಿಂಗ್. ಇರುವ ಎರಡು ಸರ್ವರ್‌ಗಳೂ ವೆಬ್ ಸರ್ವರ್‌ಗಳಾದಾಗ ಮಾತ್ರ ಸಿಕ್ಕು, ಏಕೆಂದರೆ ಸುರಕ್ಷಿತ ತಾಣಗಳು ಬಳಸುವ 443ನೇ ಪೋರ್ಟನ್ನು ಒಂದು ಕಂಪ್ಯೂಟರ್‌ಗಷ್ಟೇ ಕೊಡಲು ಬರುತ್ತದೆ. ಎರಡನೆಯದನ್ನು 8443ರಲ್ಲಿ ಇಡಬಹುದು. ಆದರೆ ವಿಳಾಸದ ಕೊನೆಗೆ ಆ ಸಂಖ್ಯೆ ಸೇರಿಸಿ ಎಂದು ಎಷ್ಟು ಜನರಿಗೆ ಹೇಳುತ್ತಾ ಕೂರುವುದು?

ಇದಕ್ಕೆ ಒಳ್ಳೆಯ ದಾರಿ ರಿವರ್ಸ್ ಪ್ರಾಕ್ಸಿ, ಅಂದರೆ ಬಂದ ಕೋರಿಕೆಗಳನ್ನು ಸರಿಯಾದ ಸರ್ವರ್‌ಗೆ ದಾಟಿಸುವ ತಂತ್ರಾಂಶ. ವೆಬ್ ತಾಣಗಳ 80 ಮತ್ತು 443ನೇ ಪೋರ್ಟ್ ಎರಡನ್ನೂ ಒಂದೇ ಕಂಪ್ಯೂಟರ್‌ಗೆ ಕಳಿಸಿ, ಅದರಲ್ಲಿ ಎಂಜಿನ್‌ಎಕ್ಸ್ ಅಥವಾ ಕ್ಯಾಡಿಯಂಥ ಪ್ರಾಕ್ಸಿ ಹಾಕಬೇಕು. ಬ್ರೌಸರ್ ತಾನು ಯಾವ ಹೆಸರಿನ ತಾಣ ಹುಡುಕಿಕೊಂಡು ಬಂದಿದೆ ಎಂದು ಪ್ರತಿ ಕೋರಿಕೆಯಲ್ಲೂ 'ಹೋಸ್ಟ್' ಎಂಬ ಸಾಲಿನಲ್ಲಿ ಬರೆದಿರುತ್ತದೆ. 1997ರಲ್ಲಿ ಬಂದ ವೆಬ್ ನಿಯಮಾವಳಿ ಎಚ್‌ಟಿಟಿಪಿ 1.1 ಇದನ್ನು ಕಡ್ಡಾಯ ಮಾಡಿತು. ಪ್ರಾಕ್ಸಿ ಆ ಹೆಸರು ನೋಡಿ ಫೋಟೋ ಸರ್ವರ್‌ಗೆ ಬಂದದ್ದನ್ನು 192.168.1.20ಕ್ಕೆ, ಕಡತಗಳ ಸರ್ವರ್‌ಗೆ ಬಂದದ್ದನ್ನು 192.168.1.21ಕ್ಕೆ ದಾಟಿಸುತ್ತದೆ. ಸುರಕ್ಷಿತ ಸಂಪರ್ಕಕ್ಕೆ ಬೇಕಾದ ಸರ್ಟಿಫಿಕೇಟನ್ನು ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸೇವೆ ಪುಕ್ಕಟೆ ಕೊಡುತ್ತದೆ. ಒಳಗಿನ ವಿಳಾಸಗಳು ಬದಲಾಗದಂತೆ ರೂಟರ್‌ನಲ್ಲಿ ಕಾಯ್ದಿರಿಸಬೇಕು, ಅಷ್ಟೇ. (ಮೊಬೈಲ್ ಡೇಟಾದಲ್ಲಿ ತೆರೆಯುವ ತಾಣ ಮನೆಯ ವೈಫೈನಲ್ಲಿ ತೆರೆಯದಿದ್ದರೆ ಗಾಬರಿ ಬೇಡ. ಒಳಗಿನಿಂದ ಹೊರಟು ತನ್ನದೇ ಹೊರ ವಿಳಾಸಕ್ಕೆ ಬರುವ ಕೋರಿಕೆಯನ್ನು ಕೆಲವು ರೂಟರ್‌ಗಳು ಒಳಕ್ಕೆ ತಿರುಗಿಸುವುದಿಲ್ಲ.)

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಹೊರಗಿನಿಂದ ಒಂದು ಕೋರಿಕೆಯೂ ಬರದೇ ಇರಬಹುದು. ಅಂತರ್ಜಾಲ ವಿಳಾಸಗಳ ಹಳೆಯ ಪದ್ಧತಿಯಾದ ಐಪಿವಿ4ರಲ್ಲಿ ಇರುವುದು ಸುಮಾರು 430 ಕೋಟಿ ವಿಳಾಸ. ಜಾಗತಿಕ ದಾಸ್ತಾನು 2011ರ ಫೆಬ್ರವರಿಯಲ್ಲೇ ಖಾಲಿಯಾಯಿತು. ಹಾಗಾಗಿ ಅನೇಕ ಕಂಪನಿಗಳು ಒಂದೇ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚುತ್ತವೆ. ಇದಕ್ಕೆ ಸಿಜಿನ್ಯಾಟ್ ಎನ್ನುತ್ತಾರೆ. ಆಗ ಕೋರಿಕೆ ಕಂಪನಿಯ ಉಪಕರಣದಲ್ಲೇ ನಿಂತುಬಿಡುತ್ತದೆ, ನಮ್ಮ ರೂಟರ್‌ವರೆಗೆ ಬರುವುದೇ ಇಲ್ಲ. ಯಾವ ಎಚ್ಚರಿಕೆಯೂ ಕಾಣಿಸುವುದಿಲ್ಲ. ರೂಟರ್‌ನ ಸೆಟ್ಟಿಂಗ್ ಎಲ್ಲ ಸರಿಯಾಗೇ ಇರುತ್ತದೆ, ಪಾಪ ಜನ ಸುಮ್ನೆ ಅದನ್ನೇ ತಿದ್ದುತ್ತಾ ಕೂರುತ್ತಾರೆ.

ಪತ್ತೆ ಮಾಡುವುದು ಸುಲಭ. ರೂಟರ್‌ನ ಸ್ಟೇಟಸ್ ಪುಟದಲ್ಲಿ 'ವ್ಯಾನ್' (ಹೊರಬದಿಯ) ವಿಳಾಸ ನೋಡಿ. ಅದು 100.64ರಿಂದ 100.127ರವರೆಗಿನ ಸಂಖ್ಯೆಯಿಂದ ಶುರುವಾಗಿದ್ದರೆ ಸಿಜಿನ್ಯಾಟ್ ಎಂದೇ ಅರ್ಥ. 2012ರಲ್ಲಿ ಈ ಸಾಲನ್ನು ಇದಕ್ಕೆಂದೇ ತೆಗೆದಿಟ್ಟರು. ಕೆಲವು ಕಡೆ 10ರಿಂದ ಶುರುವಾಗುವ ವಿಳಾಸವೂ ಸಿಗುತ್ತದೆ. ಸಿಜಿನ್ಯಾಟ್ ಇದ್ದರೂ ಹೊರಗೆ ಬಾಡಿಗೆ ಸರ್ವರ್ ಹಿಡಿದು ಅಲ್ಲಿಂದ ಮನೆಗೆ ಟನಲ್ (ಸುರಂಗದಂಥ ಸಂಪರ್ಕ) ಹಾಕಿದರೆ ಕೆಲಸ ನಡೆಯುತ್ತದೆ, ಆದರೆ ಆಗ ನಮ್ಮ ಸರ್ವರ್‌ಗಳ ಸಂಚಾರವೆಲ್ಲ ಬೇರೆಯವರ ಯಂತ್ರದ ಮೂಲಕ ಓಡಾಡುತ್ತದೆ.

ಭದ್ರತೆಗಾಗಿ ಹೀಗೆ ಮಾಡುತ್ತೇವೆ ಎಂದು ಕಂಪನಿಗಳು ಹೇಳಬಹುದು. ಬೇಡದ ಪೋರ್ಟ್ ತೆರೆಯಬಾರದು, ರೂಟರ್‌ನ ಆಡಳಿತ ಪುಟ ಹೊರಗೆ ಕಾಣಲೇಬಾರದು, ಒಪ್ಪುತ್ತೇನೆ. ಆದರೆ ತೆರೆಯುವ ತೀರ್ಮಾನ ಗ್ರಾಹಕರದ್ದು ಅಲ್ವಾ?

ನನ್ನ ಒತ್ತಾಯ ಇಷ್ಟೇ. ಸಿಗುವುದು ಸ್ವಂತ ವಿಳಾಸವೋ ಹಂಚಿದ್ದೋ, ಯಾವ ಪೋರ್ಟ್ ಮುಚ್ಚಿದೆ, ಅಪ್‌ಲೋಡ್ ವೇಗ ಎಷ್ಟು ಎಂಬುದನ್ನು ಪ್ಲಾನ್ ವಿವರದಲ್ಲೇ ಮುದ್ರಿಸಲಿ. ಕೇಳಿದವರಿಗೆ ಸ್ವಂತ ವಿಳಾಸ ಕೊಡಲಿ. ಹೊಸ ಪದ್ಧತಿಯಾದ ಐಪಿವಿ6ರಲ್ಲಿ ವಿಳಾಸಕ್ಕೆ ಬರವೇ ಇಲ್ಲ, ಪ್ರತಿ ಸರ್ವರ್‌ಗೂ ಬೇರೆ ವಿಳಾಸ ಕೊಡಬಹುದು. ಅದನ್ನೂ ಎಲ್ಲ ಮನೆಗಳಿಗೆ ಒದಗಿಸಲಿ, ರೂಟರ್‌ನ ಫೈರ್‌ವಾಲ್‌ನಲ್ಲಿ ಬೇಕಾದ ಪೋರ್ಟ್ ತೆರೆಯುವ ಅವಕಾಶ ಇಟ್ಟೇ ಒದಗಿಸಲಿ.

ಇತಿ,
ಒಬ್ಬ ಓದುಗ