ಫೀಸಿನ ತಿಂಗಳು, ಫಸಲಿನ ತಿಂಗಳು

ಪ್ರೀತಿಯ ತಂಗಿ,

ಅಚ್ಚಿಗೆಂದು ನೀನು ಬರೆದ ಲೇಖನ ಓದಿದೆ. ಮನೆತನದಲ್ಲೇ ಮೊದಲ ಡಿಗ್ರಿ ನಿನ್ನದು, ಅಪ್ಪ ಅವ್ವನ ಋಣ ನೆನೆದಿದ್ದೀಯ. ಆದರೆ ‘ಬೆವರು’, ‘ತ್ಯಾಗ’, ‘ದೇವರಂಥವರು’ ಇಷ್ಟನ್ನು ತೆಗೆದುಬಿಟ್ಟರೆ ಬರಹದಲ್ಲಿ ಅವರಿಬ್ಬರೂ ಕಾಣುವುದಿಲ್ಲ. ಅರಕಲಗೂಡಿನ ಹೊಲವಂತೂ ಇಲ್ಲವೇ ಇಲ್ಲ.

ಲೆಕ್ಕದಿಂದ ಶುರು ಮಾಡು. ನೋಟ್‌ಬುಕ್ಕಿನ ಎಡಗಡೆ ಹೊಲದ ವರ್ಷ, ಬಲಗಡೆ ಕಾಲೇಜಿನ ವರ್ಷ ಬರೆದುಕೋ. ಮೇ, ಜೂನಿನ ಹದಕ್ಕೆ ಆಲೂಗಡ್ಡೆ ಬಿತ್ತುತ್ತಾರೆ. ಜಲಂಧರ್ ಕಡೆಯಿಂದ ಬರುವ ಬಿತ್ತನೆ ಗಡ್ಡೆಯನ್ನು ಹಾಸನದ ಎಪಿಎಂಸಿಯಲ್ಲಿ ಕೊಳ್ಳಬೇಕು. ಗೊಬ್ಬರ, ಉಳುಮೆ, ಕೂಲಿ ಎಲ್ಲಕ್ಕೂ ಕೈಯಿಂದ ಹೋಗುವ ಕಾಲ ಅದು. ಗಡ್ಡೆ ಕೀಳುವುದು ಸುಮಾರು 90 ದಿನ ಕಳೆದ ಮೇಲೆ. ಅಡ್ಮಿಷನ್ ಬಂದು ಕೂರುವುದು ಇವೆರಡರ ನಡುವೆ, ಮನೆಯಲ್ಲಿ ಬಿಡಿಗಾಸೂ ಇಲ್ಲದಾಗ. ಮೋಡ ಮುಚ್ಚಿ ಜಡಿಮಳೆ ಹಿಡಿದ ವರ್ಷ ಗಿಡಕ್ಕೆ ಅಂಗಮಾರಿ ರೋಗ ಬೀಳುತ್ತದೆ. ಔಷಧಿ ಖರ್ಚು ಏರುತ್ತದೆ, ಇಳುವರಿ ಇಳಿಯುತ್ತದೆ. ಹಾಗಾದರೆ ಆ ಜುಲೈನಲ್ಲಿ ಕಟ್ಟಿದ ಫೀಸಿನ ದುಡ್ಡು ಎಲ್ಲಿಂದ ಬಂತು? ಸಂಘದ ಸಾಲವೋ, ಎತ್ತಿದ ಚೀಟಿಯೋ, ಓಲೆ ಗಿರವಿಯೋ? ನೀನು ಹುಡುಕಬೇಕಾದ್ದು ಅದನ್ನು. (ನೀನು ಮೂಡಿಗೆರೆಯ ಕಾಫಿ ತೋಟದಲ್ಲಿ ಕೂಲಿಯವರಿರುವ ಲೈನ್ ಮನೆಯ ಹುಡುಗಿಯಾಗಿದ್ದರೆ ಲೆಕ್ಕ ಬೇರೆ. ಕಾಫಿ ಹಣ್ಣು ಕೊಯ್ಲಿನ ಕೂಲಿ ಸಿಗುವುದು ಚಳಿಗಾಲದಲ್ಲಿ, ಫೀಸು ಮಾತ್ರ ಮಳೆಗಾಲಕ್ಕೇ.)

‘ನನಗಾಗಿ ಏನೇನು ಕಷ್ಟಪಟ್ಟಿರಿ’ ಎಂದು ಎದುರು ಕೂತು ಕೇಳಬೇಡ. ‘ಅದ್ಯಾಕ್ ಬಿಡು ಮಗ, ಆಯ್ತಲ್ಲ’ ಎಂದು ಎದ್ದು ಹೋಗುತ್ತಾರೆ. ಅವ್ವ ಬಿತ್ತನೆಗೆಂದು ಮೊಳಕೆಯ ಕಣ್ಣು ನೋಡಿ ಗಡ್ಡೆ ಕೊಯ್ಯುವಾಗ ನೀನೂ ಒಂದು ಕುಡುಗೋಲು ಹಿಡಿದು ಕೂರು. ‘ಆ ವರ್ಷ ಮೂಟೆ ಎಷ್ಟಕ್ಕೆ ಸಿಕ್ತು?’ ಅನ್ನು. ರೇಟಿನ ಮಾತು ಬಂದರೆ ಮಿಕ್ಕದ್ದು ತಾನಾಗಿ ಬರುತ್ತದೆ.

ನೆನಪು ವರ್ಷಗಳನ್ನು ಕಲಸಿಬಿಡುತ್ತದೆ. ಹಾಲು ಹಾಕುವ ಡೇರಿಯ ಪುಸ್ತಕ, ಗಿರವಿ ಚೀಟಿ, ಕಾಲೇಜಿನ ಚಲನ್ ಪಕ್ಕಪಕ್ಕ ಇಟ್ಟು ತಾಳೆ ನೋಡು. ಎಷ್ಟು ಲೀಟರು, ಫ್ಯಾಟ್ ಎಷ್ಟು ಬಂತು, ಬಟವಾಡೆಯಲ್ಲಿ ಪಶು ಆಹಾರದ ದುಡ್ಡು ಮುರಿದುಕೊಂಡು ಕೈಗೆ ಸಿಕ್ಕಿದ್ದೆಷ್ಟು, ಅದರಲ್ಲಿ ನಿನ್ನ ಬಸ್ ಪಾಸಿಗೆ ಹೋದದ್ದೆಷ್ಟು. ಇದನ್ನು ಬರೆದಮೇಲೆ ‘ತ್ಯಾಗ’ ಅನ್ನುವುದು ಬೇಕಾಗುವುದಿಲ್ಲ.

ಅಪ್ಪನ ಹೆಬ್ಬೆಟ್ಟು ತೋರಿಸಿ ಓದುಗರ ಕಣ್ಣಲ್ಲಿ ನೀರು ತರಿಸಬೇಡ, ಅದು ಸುಲಭದ ದಾರಿ. ಎಲೆ ಅಂಚಿನ ಕಪ್ಪು ಚುಕ್ಕೆ ಕಂಡ ಕೂಡಲೇ ನಾಳೆ ಬೆಳಿಗ್ಗೆಯೇ ಔಷಧಿ ಹೊಡೆಯಬೇಕು ಎನ್ನುವವರು ಅವರು. ಆ ತಿಳಿವಳಿಕೆ ಬರಹಕ್ಕೆ ಬರಲಿ. ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸಿದ ಅಣ್ಣನಿಗೆ ಒಂದೇ ಸಾಲು ಕೊಟ್ಟಿದ್ದೀಯ. ನನ್ನ ಮಟ್ಟಿಗೆ ಲೇಖನ ಇರುವುದೇ ಅಲ್ಲಿ. ಸ್ಕಾಲರ್‌ಶಿಪ್ಪು, ಹಾಸ್ಟೆಲಿನ ಊಟವನ್ನೂ ಬರೆ. ಮುಚ್ಚಿಟ್ಟರೆ ಮನೆಯವರ ಲೆಕ್ಕ ಸುಳ್ಳಾಗುತ್ತದೆ.

ಅಚ್ಚಿಗೆ ಕೊಡುವ ಮೊದಲು ಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳು. ಓಲೆ ಅಡವಿಟ್ಟ ಸಂಗತಿ ನೆಂಟರಿಷ್ಟರಿಗೆ ತಿಳಿದಿರಲಿಕ್ಕಿಲ್ಲ. ಅವ್ವ ಬೇಡವೆಂದರೆ ಆ ಭಾಗ ಎಷ್ಟೇ ಚೆನ್ನಾಗಿದ್ದರೂ ಹೊಡೆದುಹಾಕು.

ಮೊದಲ ಪ್ಯಾರಾ ಪೂರ್ತಿ ಬಿಡು. ಎರಡನೆಯದರಿಂದ ತಿದ್ದಿ, ಸಾಲುಗಳ ನಡುವೆ ಜಾಗ ಬಿಟ್ಟು ಕಳಿಸು.

ಇಂತಿ,
ನಿನ್ನ ಅಕ್ಕ