ಭಾನುವಾರ ಬಾವಿ, ಬೋರ್‌ವೆಲ್ ನೀರಿನ ನೈಟ್ರೇಟ್ ಪರೀಕ್ಷೆ

ಎಲ್ಲರಿಗೂ ನಮಸ್ಕಾರ. ಸೆಪ್ಟಿಕ್ ಟ್ಯಾಂಕ್ ಜೊತೆಗೆ ಸ್ವಂತ ಬಾವಿ ಅಥವಾ ಬೋರ್‌ವೆಲ್ ಇರುವವರು ದಯವಿಟ್ಟು ಪೂರ್ತಿ ಓದಿ. ಈ ಭಾನುವಾರ ಬೆಳಿಗ್ಗೆ 7ರಿಂದ 9ರವರೆಗೆ ನೀರಿನ ಬಾಟಲಿ ಸಂಗ್ರಹಿಸುತ್ತೇವೆ.

ನಮ್ಮ ಟ್ಯಾಂಕ್ ಸೋರುತ್ತಿಲ್ಲ ಅಂತ ಸುಮ್ನೆ ಇರಬೇಡಿ. ಟ್ಯಾಂಕಿನಿಂದ ಇಂಗುವ ನೀರಿನ ಅಮೋನಿಯಾ ಮಣ್ಣಿನಲ್ಲಿ ನೈಟ್ರೇಟ್ ಎಂಬ ಲವಣವಾಗುತ್ತದೆ. ಅದು ಮಣ್ಣಿಗೆ ಅಂಟುವುದಿಲ್ಲ, ನೀರಿನ ಜೊತೆ ಕೆಳಗಿಳಿಯುತ್ತದೆ. ಬಣ್ಣ, ವಾಸನೆ ಏನೂ ಇರುವುದಿಲ್ಲ. ಕುದಿಸಿದರೂ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಪ್ರಮಾಣ ಜಾಸ್ತಿಯೇ ಆಗುತ್ತದೆ.

ಫಿಲ್ಟರ್‌ಗೆ ಹೋಗುವ ಮುಂಚಿನ ನಲ್ಲಿಯನ್ನು 5 ನಿಮಿಷ ಹರಿಯಬಿಡಿ. ಅದೇ ನೀರಲ್ಲಿ ಬಾಟಲಿ ಮೂರು ಸಲ ತೊಳೆದು ತುಂಬಿ. ಮನೆ ಸಂಖ್ಯೆ, ಬಾವಿಯ ಆಳ, ಸೆಪ್ಟಿಕ್ ಟ್ಯಾಂಕಿನಿಂದ ದೂರ ಬರೆದು ಅಂಟಿಸಿ. ದೂರವನ್ನು ಟೇಪ್ ಹಿಡಿದೇ ಅಳೆಯಿರಿ. ನಾನು 20 ಮೀಟರ್ ಅಂದುಕೊಂಡಿದ್ದೆ, ಅಳೆದರೆ 13!

ಕ್ಲೋರೈಡ್ (ಉಪ್ಪಿನ ಅಂಶ) ಕೂಡ ನೋಡಿಸುತ್ತೇವೆ. ಎರಡೂ ಏರಿದ್ದರೆ ಕೊಳಚೆ ನೀರಿನ ಮೇಲೆ ಅನುಮಾನ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ನೈಟ್ರೇಟ್ ಮಿತಿ ಲೀಟರಿಗೆ 50 ಮಿಲಿಗ್ರಾಂ. ನೈಟ್ರೇಟ್ ಜಾಸ್ತಿಯಾದರೆ ಹಸುಗೂಸುಗಳಿಗೆ ಅಪಾಯ. ಈ ನೀರಲ್ಲಿ ಕಲಸಿದ ಬಾಟಲಿ ಹಾಲು ಕುಡಿಯುವ ಹಸುಗೂಸಿದ್ದರೆ ಮೊದಲೇ ತಿಳಿಸಿ, ಆ ಮನೆಯ ನೀರನ್ನೇ ಮುಂಚೆ ಕಳಿಸೋಣ.

ಬರುವವರು ಶುಕ್ರವಾರ ಸಂಜೆಯೊಳಗೆ ಇಲ್ಲೇ ‘ಹೌದು’ ಅಂತ ಹಾಕಿ.